ಕಮ್, ಸಿಟ್, ಈಟ್

ಮೂರನೇ ಕ್ಲಾಸಿನ ಬಾಗಿಲು ತಳ್ಳಿದ ಕೂಡಲೇ ಆ ಸದ್ದು ಕಿವಿಗೆ ಚುಚ್ಚುತ್ತಿತ್ತು. ಕುಕ್ಕರ್ ಸೀಟಿಗಿಂತ ಸಣ್ಣದು, ಸೂಜಿಯಷ್ಟು ತೆಳ್ಳಗಿನದು. ಕೀಂ ಎಂದು ಏಳುತ್ತಿತ್ತು, ಮಗು ತಲೆ ತಿರುಗಿಸಿದರೆ ನಿಲ್ಲುತ್ತಿತ್ತು, ದವಡೆ ಆಡಿಸಿದರೆ ಮತ್ತೆ ಏಳುತ್ತಿತ್ತು. ಇಡೀ ಕ್ಲಾಸಿಗೆ ಕೇಳುತ್ತಿದ್ದ ಆ ಸದ್ದು ಯಾರ ಕಿವಿಮಷೀನಿನಿಂದ ಹೊರಡುತ್ತಿತ್ತೋ ಆ ಹುಡುಗಿಗೆ ಮಾತ್ರ ಕೇಳುತ್ತಿರಲಿಲ್ಲ.

ಅದು ಗಚ್ಚಿಬೌಲಿಯಲ್ಲಿ, ಅಪಾರ್ಟ್‌ಮೆಂಟುಗಳ ಬೆನ್ನಿಗಿದ್ದ ಒಂದು ಇಂಗ್ಲಿಷ್ ಮೀಡಿಯಂ ಶಾಲೆ. ಕಿವುಡ ಮಕ್ಕಳ ಟೀಚರಾಗಿ ರಿಟೈರ್ ಆಗಿ ಕುಷಾಯಿಗೂಡದ ಮನೆಯಲ್ಲಿ ಕ್ರಾಸ್‌ವರ್ಡ್ ತುಂಬುತ್ತ ಕೂತಿದ್ದ ನನ್ನನ್ನು ವಾರಕ್ಕೆ ಮೂರು ದಿನ ‘ರಿಸೋರ್ಸ್ ಟೀಚರ್’ ಎಂದು ಕರೆಸಿಕೊಂಡಿದ್ದರು. ಶಾಲೆಯ ಬ್ರೋಷರಿನಲ್ಲಿ ‘ಇನ್‌ಕ್ಲೂಸಿವ್ ಸ್ಕೂಲ್’ ಎಂದು ಅಚ್ಚಾಗಿತ್ತು. ಅದಕ್ಕೆ ಸಾಕ್ಷಿಯಾಗಿ ಒಂದು ಮಗು, ಒಬ್ಬ ಮುದುಕಿ.

ಹುಡುಗಿಗೆ ಎಂಟು ವರ್ಷ. ತಂದೆ ರಾಯಚೂರು ಕಡೆಯ ಸೆಂಟ್ರಿಂಗ್ ಮೇಸ್ತ್ರಿ. ಶಾಲೆಯ ಹೊಸ ಬ್ಲಾಕಿಗೆ ಸ್ಲ್ಯಾಬ್ ಹಾಕಿದ ದಿನ ಸಂತೋಷದಲ್ಲಿದ್ದ ಕರೆಸ್ಪಾಂಡೆಂಟ್, ಅಂದರೆ ಶಾಲೆಯ ಮಾಲೀಕರು, ‘ನಿನ್ನ ಮಗಳನ್ನು ನಮ್ಮಲ್ಲೇ ಹಾಕು’ ಅಂದುಬಿಟ್ಟಿದ್ದರಂತೆ. ಆ ಒಂದು ಸೀಟನ್ನು ಪ್ರಿನ್ಸಿಪಾಲ್ ಕೊನೆಯವರೆಗೂ ಕ್ಷಮಿಸಲಿಲ್ಲ.

ಕ್ಲಾಸ್ ಟೀಚರ್ ನಗರದ ಹಳೇ ಭಾಗದ ಕಡೆಯ ಯುವತಿ. ಪಾಠ ಇಂಗ್ಲಿಷಿನಲ್ಲಿ, ಸಿಟ್ಟು ದಖನಿ ಉರ್ದುವಿನಲ್ಲಿ. ನನ್ನನ್ನು ನೋಡಿದ ಮೊದಲ ದಿನವೇ, ‘ಪೆಹಲೇ ಏ ಸೀಟಿ ಬಂದ್ ಕರೋ ಮೇಡಂ, ಬಾದ್ ಮೇ ಇನ್‌ಕ್ಲೂಷನ್ ಕರೋ,’ ಎಂದಳು. ಸೀಟಿ ನಿಲ್ಲಿಸಲು ಅವಳದೇ ಒಂದು ಉಪಾಯವಿತ್ತು. ಬೆಳಗಿನ ಪ್ರೇಯರ್ ಮುಗಿದ ಮೇಲೆ ಹುಡುಗಿಯ ಎರಡೂ ಮಷೀನು ಕಳಚಿ ಟೇಬಲ್ಲಿನ ಡ್ರಾಯರಿಗೆ ಹಾಕುವುದು, ಮನೆಗೆ ಬಿಡುವಾಗ ವಾಪಸ್ ಕೊಡುವುದು. ನಾನು ಬರುವ ದಿನಗಳಲ್ಲಿ ಮಾತ್ರ ಅವು ಕಿವಿಯಲ್ಲಿರುತ್ತಿದ್ದವು. ಆಮೇಲೆ ‘ಕರೆದರೆ ಓ ಅನ್ನುವುದಿಲ್ಲ’ ಎಂಬ ದೂರು!

ಪ್ರಿನ್ಸಿಪಾಲ್ ನನ್ನನ್ನು ಕೂರಿಸಿಕೊಂಡು ಹೇಳಿದರು. ‘ಚೂಡಂಡಿ ಮೇಡಂ, ವೀ ಆರ್ ಆಲ್ ಫಾರ್ ಇನ್‌ಕ್ಲೂಷನ್. ಬಟ್ ಎರಡು ವರ್ಷ ಆಯಿತು, ಒಂದು ಸೆಂಟೆನ್ಸ್ ಇಲ್ಲ. ಪ್ರಾಬ್ಲಂ ಕಿವಿಯಲ್ಲಷ್ಟೇ ಅಲ್ಲ, ತಲೆಯಲ್ಲೂ ಇದೆ. ದಸರಾ ರಜೆ ಆದ ಮೇಲೆ ಸೈಕಾಲಜಿಸ್ಟ್ ಬಂದು ಟೆಸ್ಟ್ ಮಾಡ್ತಾರೆ. ರಿಪೋರ್ಟ್ ಕೈಗೆ ಬಂದರೆ ಟಿ.ಸಿ. ಕೊಟ್ಟುಬಿಡೋಣ. ಹಾಸ್ಟೆಲ್ ಇರೋ ಸ್ಪೆಷಲ್ ಸ್ಕೂಲಿಗೆ ಹೋಗಲಿ. ಶಿ ವಿಲ್ ಬಿ ಹ್ಯಾಪಿ ದೇರ್.’

ಅವರು ಹೇಳಿದ್ದು ಕಿವುಡ ಮಕ್ಕಳ ಶಾಲೆಯಾಗಿದ್ದರೆ ನಾನು ಯೋಚಿಸುತ್ತಿದ್ದೆ. ಕೈಭಾಷೆ ಬಲ್ಲ ಗೆಳತಿಯರ ನಡುವೆ ಅರಳಿದ ಹುಡುಗಿಯರನ್ನು ನಾನೇ ಕಂಡಿದ್ದೇನೆ. ಪ್ರಿನ್ಸಿಪಾಲರ ಮನಸ್ಸಿನಲ್ಲಿದ್ದದ್ದು ಬುದ್ಧಿ ಬೆಳೆಯದ ಮಕ್ಕಳಿಗೆಂದು ನಡೆಸುವ ದೂರದ ಹಾಸ್ಟೆಲ್. ಅಲ್ಲಿ ಕೈಭಾಷೆಯೂ ಇಲ್ಲ, ಕಿವಿಮಷೀನಿಗೆ ಬ್ಯಾಟರಿ ಹಾಕುವವರೂ ಇಲ್ಲ. ಅಂಥ ಕಡೆ ಸೇರಿದ ಕಿವುಡ ಮಗುವಿಗೆ ಮುಂದೆ ಯಾರೂ ಏನೂ ಕಲಿಸುವುದಿಲ್ಲ, ಏಕೆಂದರೆ ಕಲಿಯುವುದಿಲ್ಲವೆಂದು ಆಗಲೇ ತೀರ್ಮಾನವಾಗಿರುತ್ತದೆ.

ಮೊದಲು ಸೀಟಿ. ಅದರಲ್ಲಿ ರಹಸ್ಯವೇನೂ ಇರಲಿಲ್ಲ. ಮಷೀನಿನ ಸದ್ದನ್ನು ಕಿವಿಯೊಳಗೆ ಒಯ್ಯುವ ಅಚ್ಚು, ಇಯರ್ ಮೋಲ್ಡ್, ಮಗು ಬೆಳೆದ ಹಾಗೆ ಸಣ್ಣದಾಗುತ್ತದೆ. ಸಂದಿಯಿಂದ ಹೊರಬಿದ್ದ ಸದ್ದನ್ನು ಮಷೀನು ಮತ್ತೆ ಎಳೆದುಕೊಂಡು ಕೂಗುತ್ತದೆ. ಎರಡು ವರ್ಷದಿಂದ ಯಾರೂ ಅಚ್ಚು ಬದಲಾಯಿಸಿರಲಿಲ್ಲ. ಅಬಿಡ್ಸ್‌ನಲ್ಲಿ ನನಗೆ ಗೊತ್ತಿದ್ದ ಆಡಿಯಾಲಜಿಸ್ಟ್ ಹತ್ತಿರ ಹುಡುಗಿಯನ್ನೂ ತಂದೆಯನ್ನೂ ಕರೆದೊಯ್ದೆ. ಕಿವಿಯ ಆಳಕ್ಕೆ ದಾರ ಕಟ್ಟಿದ ಹತ್ತಿಯ ತುಣುಕು ಇಟ್ಟು, ಸಿರಿಂಜಿನಲ್ಲಿ ಗುಲಾಬಿ ಬಣ್ಣದ ಪೇಸ್ಟ್ ತುಂಬಿ, ಗಟ್ಟಿಯಾಗುವವರೆಗೆ ಕೂರಿಸಿದರು. ಹುಡುಗಿ ಅಳಲಿಲ್ಲ, ನನ್ನ ಕೈ ಕಚ್ಚಿದಳು. ಹಲ್ಲಿನ ಗುರುತು ಬಹಳ ದಿನ ಇತ್ತು. ಬರುವಾಗ ಅಲ್ಲೇ ಹಿಂದಿನ ಗಲ್ಲಿಯ ರೇಡಿಯೊ ರಿಪೇರಿ ಅಂಗಡಿಯಲ್ಲಿ ಸ್ಪೀಕರಿಗೆ ಹೊದಿಸುವ ತೆಳು ಬಟ್ಟೆ ಒಂದು ತುಂಡು ಕೊಂಡೆ.

ಆ ಬಟ್ಟೆಯನ್ನು ಕಸೂತಿ ರಿಂಗಿಗೆ ಬಿಗಿದೆ. ನಾನು ಓದಿದ ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಸಿಸ್ಟರ್ ಕೊಟ್ಟ ಮರದ ರಿಂಗ್ ಅದು. ಆಕೆ ನೋಡಿದ್ದರೆ ‘ವಾಟ್ ಎ ಶೇಮ್, ಚೈಲ್ಡ್’ ಅನ್ನುತ್ತಿದ್ದರು. ಅದನ್ನು ಬಾಯಿಯ ಮುಂದೆ ಹಿಡಿದರೆ ತುಟಿ ಕಾಣುವುದಿಲ್ಲ, ದನಿ ಮಾತ್ರ ದಾಟುತ್ತದೆ. ಮಗು ಹುಣಸೆ ಬೀಜವೊಂದನ್ನು ಕೆನ್ನೆಯ ಬಳಿ ಹಿಡಿದು ಕಾಯಬೇಕು, ಸದ್ದು ಕೇಳಿದರೆ ಡಬ್ಬಿಗೆ ಹಾಕಬೇಕು. ಆ, ಈ, ಊ, ಮ್, ಶ್, ಸ್. ಈ ಆರು ಸದ್ದು ಕೇಳಿದರೆ ಮಾತಿನ ಬಹುಪಾಲು ಕೇಳಿಸಿತೆಂದು ಲೆಕ್ಕ. ಹೊಸ ಅಚ್ಚು ಬಂದ ಮೇಲೆ ‘ಸ್’ ಒಂದನ್ನು ಬಿಟ್ಟು ಉಳಿದೆಲ್ಲಕ್ಕೂ ಬೀಜ ಬಿತ್ತು.

ಸೀಟಿ ನಿಂತಿತು. ಡ್ರಾಯರ್ ನಿಲ್ಲಲಿಲ್ಲ. ‘ಆದತ್ ಹೋ ಗಯೀ ಮೇಡಂ,’ ಅಂದಳು ಕ್ಲಾಸ್ ಟೀಚರ್, ಅಭ್ಯಾಸವಾಗಿಬಿಟ್ಟಿದೆ ಎಂದು. ಗೇಟಿನ ಹತ್ತಿರ ಬೆಂಗಳೂರಿನ ಒಬ್ಬ ತಾಯಿ ನನ್ನನ್ನು ತಡೆದಳು, ಕೊರಳಲ್ಲಿ ಐಟಿ ಕಂಪೆನಿಯ ಟ್ಯಾಗ್.

‘ಆಂಟಿ, ನೀವು ನಮ್ ಕನ್ನಡದವರಂತೆ. ತಪ್ಪು ತಿಳ್ಕೋಬೇಡಿ, ಆ ಮಗು ನೋಡಿದ್ರೆ ಪಾಪ ಅನ್ಸುತ್ತೆ. ಆದ್ರೆ ನನ್ ಮಗ ಮನೇಗ್ ಬಂದು ಅವಳ ಥರಾನೇ ಕೀಂ ಅಂತಾನೆ. ಅಂಥವ್ರಿಗೇ ಅಂತ ಸ್ಕೂಲ್ಸ್ ಇರುತ್ತಲ್ವಾ?’

‘ನಿಮ್ಮ ಮಗನಂಥವರಿಗೂ ಇರಬಹುದು. ಹುಡುಕಿ ನೋಡಿ.’

ಅದನ್ನು ಅವಳು ಪೇರೆಂಟ್ಸ್ ಗ್ರೂಪಿನಲ್ಲಿ ಹಾಕಿದಳು. ಮರುದಿನದಿಂದ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ.

ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆ. ಸದ್ದು ಕೇಳುತ್ತಿದೆ, ಆದರೆ ಮಾತು ಒಂದೂ ಹತ್ತುತ್ತಿಲ್ಲ. ‘ಶೋ ಮಿ ಯುವರ್ ನೋಸ್’ ಎಂದರೆ ನನ್ನ ರಿಂಗನ್ನೇ ನೋಡುತ್ತಾಳೆ. ತೆಲುಗಿನಲ್ಲಿ ಕೇಳಿದೆ, ಇಲ್ಲ. ಕೊನೆಗೆ, ಮನೆಮಾತು ತಾನೇ ಎಂದು, ‘ಮೂಗು ಎಲ್ಲೈತಿ?’ ಅಂದೆ. ಅದಕ್ಕೂ ಇಲ್ಲ. ಮನೆಯ ಮಾತೂ ಗೊತ್ತಿಲ್ಲದ ಮಗು! ಪ್ರಿನ್ಸಿಪಾಲ್ ಹೇಳಿದ್ದೇ ಸರಿಯೇನೋ ಎಂದು ಬಸ್ಸಿನಲ್ಲಿ ಕೂತು ನಾನೂ ಅಂದುಕೊಂಡೆ.

ಒಂದು ಭಾನುವಾರ ಅವರ ಮನೆಗೆ ಹೋದೆ. ಏಳುತ್ತಿದ್ದ ಟವರ್ ಒಂದರ ಹಿಂದೆ ತಗಡಿನ ಶೆಡ್ಡುಗಳ ಸಾಲು. ತಾಯಿ ಬಾಗಿಲಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೈಯಷ್ಟೇ ಬಾಯೂ ಜೋರು. ತೊಡೆ ಹತ್ತಲು ಬಂದ ಸಣ್ಣ ಮಗನಿಗೆ ಬೈಗುಳ, ಹಿಟ್ಟಿಗೆ ಬಾಯಿ ಹಾಕಿದ ಕೋಳಿಗೆ ಶಾಪ, ಪಕ್ಕದ ಶೆಡ್ಡಿನವಳೊಡನೆ ನೀರಿನ ಟ್ಯಾಂಕರಿನ ಜಗಳ, ನಡುವೆ ನನಗೆ ‘ಬರ್ರಿ ಅಕ್ಕೋರ, ಕುಂಡ್ರಿ, ಚಾ ಮಾಡ್ತೀನಿ’. ನನ್ನ ಹುಟ್ಟೂರು ಕಲಬುರಗಿ ಕಿವಿಗೆ ಬಂದು ಕೂತಂತಾಯಿತು.

ಆಗ ಹುಡುಗಿ ಒಳಗಿಂದ ಬಂದಳು. ತಾಯಿಯ ಮುಖ ಅಂಗಡಿಯ ಶಟರ್ ಇಳಿದಂತೆ ಮುಚ್ಚಿಕೊಂಡಿತು.

‘ಕಮ್,’ ಎಂದಳು. ‘ಸಿಟ್.’ ರೊಟ್ಟಿ ಮುರಿದು ತಟ್ಟೆಗೆ ಹಾಕಿ, ‘ಈಟ್.’

ಅಷ್ಟೇ. ಹುಡುಗಿ ತಿಂದೆದ್ದು ಹೋಗುವವರೆಗೆ ಮತ್ತೊಂದು ಅಕ್ಷರವಿಲ್ಲ. ಪಕ್ಕದ ಶೆಡ್ಡಿನವಳೂ ಬಾಯಿ ಮುಚ್ಚಿಕೊಂಡಿದ್ದಳು. ಹುಡುಗಿ ಮರೆಯಾದ ಕೂಡಲೇ ಕೋಳಿಯ ಮೇಲೆ ಶಾಪ ಮತ್ತೆ ಶುರುವಾಯಿತು.

‘ಆಕಿ ಜೋಡಿ ಯಾಕ ಮಾತಾಡಂಗಿಲ್ಲ ನೀ?’ ಎಂದು ಕೇಳಿದೆ.

‘ಮಾತಾಡಬಾರದಲ್ರೀ?’ ಎಂದಳು, ನನಗೇ ಗೊತ್ತಿಲ್ಲವೆ ಎಂಬಂತೆ. ಸೀಟು ಸಿಕ್ಕಾಗ ಶಾಲೆಯವರು ಸ್ಪೀಚ್ ಥೆರಪಿ ಸೆಂಟರಿಗೆ ಕಳಿಸಿದ್ದರು, ಕಿವಿಗೆ ಮೊದಲ ಸಲ ಮಷೀನು ಬಂದದ್ದೂ ಆಗಲೇ. ಮೂರು ಭಾಷೆ ಬಿದ್ದರೆ ಮಗು ಕನ್‌ಫ್ಯೂಸ್ ಆಗುತ್ತದೆ, ಶಾಲೆ ಇಂಗ್ಲಿಷಿನದು, ಆದ್ದರಿಂದ ಮನೆಯಲ್ಲೂ ಇಂಗ್ಲಿಷ್ ಒಂದೇ ಎಂದು ಅಲ್ಲಿ ಹೇಳಿದ್ದರು, ಪ್ರಿನ್ಸಿಪಾಲ್ ತಮ್ಮ ರೂಮಿನಲ್ಲಿ ಇವಳಿಂದ ಹೂಂ ಅನ್ನಿಸಿದ್ದರು. ಇಂಗ್ಲಿಷ್ ಬಲ್ಲ ಮನೆಗಳಲ್ಲಿ ಈ ಮಾತನ್ನು ಅರ್ಧ ಕೇಳಿ ಅರ್ಧ ಬಿಡುತ್ತಾರೆ. ಇವರು ಸೋಮವಾರದ ಒಪ್ಪತ್ತಿನ ಹಾಗೆ ಹಿಡಿದರು. ಗಂಡ ಇಡೀ ಶೆಡ್ಡಿನ ಸಾಲಿಗೆ ಕಟ್ಟಪ್ಪಣೆ ಮಾಡಿದ್ದ, ಅವಳೆದುರು ಯಾರೂ ಕನ್ನಡ ಆಡಕೂಡದು.

‘ದೇವರಿಗೆ ನಡ್ಕೊಂಡಂಗ ನಡ್ಕೊಂಡೀವ್ರಿ,’ ಎಂದಳು ಹೆಮ್ಮೆಯಿಂದ.

‘ಅದು ತಪ್ಪು,’ ಎಂದೆ. ‘ಆಕಿಗೆ ನಿನ್ನ ಮಾತು ಬೇಕು. ಇವತ್ತಿಂದ ಕನ್ನಡ ಮಾತಾಡು.’

ಅವಳು ಕೈಲಿದ್ದ ಹಿಟ್ಟಿನ ಮುದ್ದೆಯನ್ನೇ ಎಸೆಯುತ್ತಾಳೇನೋ ಅನ್ನಿಸಿತು, ಹಾಗೆ ನೋಡಿದಳು.

‘ಎರಡ ವರ್ಷ ಆತ್ರಿ! ನಾಯಿಗೆ ಛೀ ಅಂದೀನಿ, ಕೋಳಿಗೆ ಬಾ ಬಾ ಅಂದೀನಿ, ಹೆತ್ತ ಮಗಳಿಗೆ ಮಾತ್ರ ಕಮ್ಮು, ಈಟು. ಜ್ವರ ಬಂದು ಒದ್ದಾಡಾಕತ್ತಿದ್ದಾಗ ಸೈತ ‘ಏನಾತ ನನ್ನವ್ವ’ ಅಂತ ಒಂದ ಮಾತ ಅಂದಿಲ್ಲ, ಹಲ್ಲ ಕಚ್ಚಿ ಕುಂತೀನಿ. ಕಲತವರು ಹೇಳ್ಯಾರ ಅಂತ. ಈಗ ನೀವೊಬ್ಬಾಕಿ ಕಲತಾಕಿ ಬಂದು ತಪ್ಪು ಅಂತೀರಿ. ನಾಳೆ ಇನ್ನೊಬ್ಬಾಕಿ ಬಂದು ಇದೂ ತಪ್ಪು ಅಂದ್ರ? ನಮ್ಮ ಬಾಯಿ ಏನು ನಿಮ್ಮ ನಲ್ಲಿ ಏನ್ರಿ, ತಿರುವಿದಾಗ ಬರಾಕ, ತಿರುವಿದಾಗ ನಿಂದ್ರಾಕ?’

ನನಗೆ ನಾನು ಓದಿದ ಶಾಲೆ ನೆನಪಾಯಿತು. ನಮ್ಮ ಕಾನ್ವೆಂಟಿನಲ್ಲೂ ಕನ್ನಡ ಆಡಿದರೆ ಕಾರಿಡಾರಿನಲ್ಲಿ ನಿಲ್ಲಿಸುತ್ತಿದ್ದರು. ಆ ಸಿಸ್ಟರುಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ, ಅವರ ಹಾಡು, ಅವರ ಲ್ಯಾವೆಂಡರ್ ವಾಸನೆ ಈಗಲೂ ಬೇಕೆನಿಸುತ್ತದೆ. ಆದರೆ ನಾನು ಸಂಜೆ ಮನೆಗೆ ಹೋದರೆ ಅಜ್ಜಿ, ಅತ್ತೆ, ಆಳುಕಾಳು, ಮನೆ ತುಂಬ ಕನ್ನಡ. ಇಂಗ್ಲಿಷ್ ಅದರ ಮೇಲೆ ಬಂದು ಕೂತಿತು. ಈ ಮಗುವಿನಲ್ಲಿ ಇಂಗ್ಲಿಷ್ ಬಂದು ಕೂರಲು ಅಡಿಯಲ್ಲಿ ಏನೂ ಇರಲಿಲ್ಲ.

‘ಸಿಟ್ಟೈತಿಲ್ಲೋ?’ ಎಂದೆ. ‘ಅದ್ರಾಗ ಶುರು ಮಾಡು. ನನಗ ಬೈದಂಗ ಆಕಿಗೂ ಬೈ.’

ಶೆಡ್ಡಿನಿಂದ ಹೊರಬಂದ ಮೇಲೆ ಲೆಕ್ಕ ಹಾಕಿದೆ. ಟೆಸ್ಟ್ ಇಂಗ್ಲಿಷಿನಲ್ಲಿ ನಡೆಯುವುದು. ಉಳಿದ ವಾರಗಳಲ್ಲಿ ನೋಸ್, ಬಾಲ್, ರೆಡ್, ಬ್ಲೂ ಎಂದು ಗಿಳಿಪಾಠ ಮಾಡಿಸಿದರೆ ಹುಡುಗಿ ಹೇಗೋ ನಾಲ್ಕು ಚಿತ್ರಕ್ಕೆ ಬೆರಳು ತೋರಿಸಿ ಈ ವರ್ಷ ಉಳಿದುಕೊಳ್ಳಬಹುದಿತ್ತು. ಕನ್ನಡಕ್ಕೆ ತಿರುಗಿದರೆ ಅಷ್ಟು ಬೇಗ ಏನೂ ಫಲ ಕಾಣುವುದಿಲ್ಲ, ಇದ್ದ ಕಮ್, ಸಿಟ್, ಈಟ್ ಕೂಡ ಜಾರಿ ಹೋಗುತ್ತವೆ, ಟಿ.ಸಿ. ಖಂಡಿತ. ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟೆ. ಮೂರನೆಯದನ್ನು ಹತ್ತುವಾಗ ಇಂಗ್ಲಿಷನ್ನು ಕೈಬಿಟ್ಟಿದ್ದೆ. ಪ್ರಿನ್ಸಿಪಾಲರನ್ನು ಕೇಳಲಿಲ್ಲ, ಹೇಳಲೂ ಇಲ್ಲ.

ದಸರಾ ರಜೆಯಲ್ಲಿ ದಿನಾ ಶೆಡ್ಡಿಗೆ ಹೋದೆ. ಸುತ್ತಲಿನ ಓಣಿಗಳಲ್ಲಿ ಬತುಕಮ್ಮ ಹಬ್ಬದ ಹಾಡು, ಶೆಡ್ಡಿನೊಳಗೆ ನಮ್ಮ ದುಡಿಮೆ. ಬೆಳಿಗ್ಗೆ ಬ್ಯಾಟರಿ ನೋಡುವುದು, ಆರು ಸದ್ದು, ಆಮೇಲೆ ನಾನು ಸುಮ್ಮನೆ ಕೂರುವುದು, ತಾಯಿ ಮಾತಾಡುವುದು. ಎಡಗಿವಿ ಸ್ವಲ್ಪ ವಾಸಿ, ಆ ಕಡೆಯೇ ಕೂರಬೇಕು, ತೋಳಿನಳತೆಯಲ್ಲಿ. ವಸ್ತು ಕೊಡುವ ಮೊದಲು ಹೆಸರು ಹೇಳಬೇಕು, ಕೈಗೆ ಬಂದ ಮೇಲೆ ಮತ್ತೆ ಹೇಳಬೇಕು. ತೋರಿಸಿ ಹೇಳುವುದಲ್ಲ, ಹೇಳಿ ತೋರಿಸುವುದು. ತಾಯಿಗೆ ಮೊದಮೊದಲು ಮಗಳ ಮುಖ ನೋಡಿದರೆ ನಾಲಿಗೆ ಏಳುತ್ತಿರಲಿಲ್ಲ, ‘ಕಮ್’ ಎಂದೇ ಬಾಯಿಗೆ ಬರುತ್ತಿತ್ತು. ಬಂದಾಗ ನಾನು ನೆಲ ಬಡಿಯುತ್ತಿದ್ದೆ. ಅವಳು ನನ್ನನ್ನು ದುರುಗುಟ್ಟಿ ನೋಡಿ, ‘ಬಾರಲೇ, ಬಾ ನನ್ನವ್ವ, ಬಾ’ ಎಂದು ಮೂರು ಸಲ ಹೇಳುತ್ತಿದ್ದಳು.

ಹುಡುಗಿಗೆ ನನ್ನ ಮೇಲೆ ಹಗೆ ಹುಟ್ಟಿತು. ಆಟ ಬಿಡಿಸಿ ಕೂರಿಸುವವಳು ನಾನೇ ಅಲ್ಲವೆ! ಹುಣಸೆ ಬೀಜವನ್ನೆಲ್ಲ ಚರಂಡಿಗೆ ಸುರಿದಳು. ನನ್ನ ಬ್ಯಾಗನ್ನು ಸಿಮೆಂಟ್ ಚೀಲಗಳ ಹಿಂದೆ ಬಚ್ಚಿಟ್ಟಳು. ರಜೆ ಮುಗಿಯುತ್ತ ಬಂದರೂ ಬಾಯಿಂದ ಒಂದು ಮಾತಿಲ್ಲ. ಒಂದು ಮಧ್ಯಾಹ್ನ ಮಾತ್ರ, ಕೆಸರು ಮೆತ್ತಿಕೊಂಡು ಒಳಗೆ ಓಡುತ್ತಿದ್ದವಳಿಗೆ ತಾಯಿ ಬೆನ್ನ ಹಿಂದಿನಿಂದ, ‘ಏ, ಚಪ್ಪಲಿ ತಗೀಲೇ!’ ಎಂದು ಗದರಿದಳು. ಹುಡುಗಿ ತಿರುಗಿ ನೋಡದೆ ಚಪ್ಪಲಿ ಬಿಟ್ಟಳು. ತಾಯಿ ನನ್ನ ಕಡೆ ನೋಡಿದಳು.

ಮೊದಲ ಮಾತು ಬಂದದ್ದು ಶಾಲೆಯಲ್ಲಿ, ನಾನಿಲ್ಲದ ದಿನ. ಕ್ಲಾಸ್ ಟೀಚರ್ ಎಂದಿನಂತೆ ಮಷೀನು ಕಳಚಲು ಕೈ ಹಾಕಿದಾಗ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು, ‘ಬ್ಯಾಡ!’ ಎಂದು ಕಿರುಚಿದಳಂತೆ. ಅರ್ಥ ಹೇಳಲು ಯಾರೂ ಬೇಕಾಗಲಿಲ್ಲ.

‘ಮುಝೆ ನಕ್ಕೋ ಬೋಲೀ, ಮೇಡಂ! ಟೀಚರ್ ಕೋ!’ ಮರುದಿನ ಪ್ರಿನ್ಸಿಪಾಲರ ರೂಮಿನಲ್ಲಿ ಟೀಚರ್ ದೂರಿದಳು, ಟೀಚರಿಗೇ ಬೇಡ ಅಂದಳೆಂದು.

‘ಎರಡು ವರ್ಷದಲ್ಲಿ ಮಗು ಆಡಿದ ಮೊದಲ ಮಾತು. ಕಂಗ್ರ್ಯಾಚುಲೇಷನ್ಸ್,’ ಎಂದೆ.

ಪ್ರಿನ್ಸಿಪಾಲ್ ಪೆನ್ನು ಕೆಳಗಿಟ್ಟರು. ‘ಅದು ಕನ್ನಡವಂತೆ. ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಕನ್ನಡ ಹೇಳಿಕೊಡೋಕೆ ನಿಮ್ಮನ್ನ ಕರೆದಿದ್ದೀವಾ ಅಂಡಿ? ಶುಕ್ರವಾರ ಟೆಸ್ಟ್. ಪೇರೆಂಟ್‌ನ ಕರೆಸ್ತೀನಿ, ಟಿ.ಸಿ. ಅಪ್ಲಿಕೇಷನ್ ಅಂದೇ ಮುಗಿಸೋಣ.’ ರಿಪೋರ್ಟ್ ಬರುವ ಮೊದಲೇ!

ಶುಕ್ರವಾರ ತಾಯಿ ಒಗೆದ ಸೀರೆ ಉಟ್ಟು ಬಂದು ಪ್ರಿನ್ಸಿಪಾಲರ ರೂಮಿನ ಹೊರಗಿನ ಬೆಂಚಿನ ತುದಿಯಲ್ಲಿ ಕೂತಳು. ಒಳಗೆ ಪ್ರಿನ್ಸಿಪಾಲ್, ಕ್ಲಾಸ್ ಟೀಚರ್, ನಾನು, ಮತ್ತು ಸೈಕಾಲಜಿಸ್ಟ್. ಸೈಕಾಲಜಿಸ್ಟ್ ಚಿಕ್ಕ ವಯಸ್ಸಿನವಳು, ನಮ್ಮೆಲ್ಲರನ್ನೂ ಕಂಡು ಆಗಲೇ ಬೇಸತ್ತಂತಿದ್ದಳು. ಚಿತ್ರಗಳು ಮೊದಲು. ‘ಶೋ ಮಿ ದ ಲ್ಯಾಡರ್.’ ಹುಡುಗಿ ಅವಳ ಬಾಯಿ ನೋಡಿದಳು. ‘ಶೋ ಮಿ ದ ಬಕೆಟ್.’ ಬಾಯಿ ನೋಡಿದಳು. ಪ್ರಿನ್ಸಿಪಾಲ್ ನನ್ನ ಕಡೆ ನೋಡಿದರು. ಆಮೇಲೆ ಬಣ್ಣದ ಮರದ ತುಂಡುಗಳು. ಸೈಕಾಲಜಿಸ್ಟ್ ನಾಲ್ಕನ್ನು ಜೋಡಿಸಿ, ‘ಮೇಕ್ ಒನ್ ಲೈಕ್ ಮೈನ್,’ ಎಂದಳು. ಹುಡುಗಿ ತುಂಡುಗಳನ್ನು ಮುಟ್ಟಲೇ ಇಲ್ಲ. ಶಾಲೆಯಲ್ಲಿ ಮುಟ್ಟಿದ್ದಕ್ಕೆಲ್ಲ ಅವಳ ಕೈಗೆ ಏಟು ಬಿದ್ದಿತ್ತು.

ನಾನೆದ್ದು ಬಾಗಿಲು ತೆರೆದು ತಾಯಿಯನ್ನು ಕರೆದೆ.

‘ದಿಸ್ ಈಸ್ ನಾಟ್ ಪರ್ಮಿಟೆಡ್,’ ಎಂದರು ಪ್ರಿನ್ಸಿಪಾಲ್.

‘ಬರೆದುಕೊಡಿ. ಡಿ.ಇ.ಓ. ಆಫೀಸಿಗೆ ಹೋಗುವಾಗ ಬೇಕಾಗುತ್ತದೆ.’ ಜಿಲ್ಲಾ ಶಿಕ್ಷಣಾಧಿಕಾರಿಯ ಮೆಟ್ಟಿಲು ನಾನು ಹತ್ತಬಲ್ಲೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ತಾಯಿ ಒಳಗೆ ಬಂದು ಗೋಡೆಗೆ ಅಂಟಿ ನಿಂತಳು. ಇದೇ ರೂಮಿನಲ್ಲಿ, ಇದೇ ಕುರ್ಚಿಯ ಎದುರು ಅವಳು ಇಂಗ್ಲಿಷ್ ಒಂದೇ ಎಂದು ತಲೆಯಾಡಿಸಿದ್ದಳು. ನಾನು ಕಣ್ಣಲ್ಲೇ ಬೇಡಿದೆ. ಅವಳು ನೆಲ ನೋಡಿದಳು. ಸೈಕಾಲಜಿಸ್ಟ್ ತುಂಡುಗಳನ್ನು ಡಬ್ಬಿಗೆ ಹಾಕತೊಡಗಿದಳು. ಆಗ ಹುಡುಗಿ, ತಾಯಿಯನ್ನು ಕಂಡ ಧೈರ್ಯಕ್ಕೋ ಏನೋ, ಒಂದು ತುಂಡನ್ನು ಎತ್ತಿ ನೆಲಕ್ಕೆ ಒಗೆದಳು.

‘ಏ, ಒಗೀತೀಯೇನ!’ ತಾಯಿಯ ದನಿ ರೂಮಿನ ತುಂಬ ಬಿತ್ತು. ಬೆಚ್ಚಿದವಳು ಅವಳೇ. ಒಂದು ಗಳಿಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಸೆರಗು ತೆಗೆದಳು. ‘ಅದನ್ನ ತಗೋ. ಆ ಅಕ್ಕ ಹ್ಯಾಂಗ ಇಟ್ಟಾಳ ನೋಡು. ಹಂಗ ಇಡು. ನೋಡಿ ಇಡಲೇ, ನಿಮ್ಮಪ್ಪನಂಗ ಅವಸರ ಮಾಡಬ್ಯಾಡ.’

ಹುಡುಗಿ ತುಂಡು ಎತ್ತಿಕೊಂಡಳು. ಕೆಂಪು, ಬಿಳಿ, ಓರೆ ತುಂಡು, ಮತ್ತೆ ಕೆಂಪು. ಸೈಕಾಲಜಿಸ್ಟ್ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕಷ್ಟದ್ದೊಂದು ಜೋಡಿಸಿದಳು. ಅದೂ ಆಯಿತು. ಅದಕ್ಕಿಂತ ಕಷ್ಟದ್ದು ತಪ್ಪಾಯಿತು. ತಾಯಿ ‘ತಪ್ಪೈತಿ, ತಗಿ’ ಎಂದಳು, ಹುಡುಗಿ ಕೆಡವಿ ಮತ್ತೆ ಕಟ್ಟಿದಳು.

‘ಇದನ್ನ ಸ್ಕೋರ್ ಮಾಡೋಕೆ ಆಗಲ್ಲ, ಇನ್‌ಸ್ಟ್ರಕ್ಷನ್ಸ್ ಸ್ಟ್ಯಾಂಡರ್ಡ್ ಅಲ್ಲ,’ ಎಂದಳು ಸೈಕಾಲಜಿಸ್ಟ್ ಇಂಗ್ಲಿಷಿನಲ್ಲಿ. ಪ್ರಿನ್ಸಿಪಾಲ್ ಮುಖ ಅರಳಿತು. ‘ಆದರೆ ಬುದ್ಧಿ ಕಡಿಮೆ ಅಂತ ಈ ಮಗುವಿನ ಮೇಲೆ ನಾನು ಬರೆಯಲ್ಲ. ಭಾಷೆ ಇಲ್ಲ, ಅಷ್ಟೆ. ಬೇರೆ ಯಾರನ್ನಾದರೂ ಕರೆಸಿಕೊಳ್ಳಿ.’

ಬೇರೆ ಯಾರನ್ನೂ ಕರೆಸಲಿಲ್ಲ. ಟಿ.ಸಿ. ಮಾತು ಮತ್ತೆ ಏಳಲಿಲ್ಲ. ಕ್ಲಾಸ್ ಟೀಚರ್ ಡ್ರಾಯರಿಗೆ ಕೈ ಹಾಕುವುದನ್ನು ಬಿಟ್ಟಳು, ನನ್ನ ಜೊತೆ ಮಾತನ್ನೂ ಬಿಟ್ಟಳು. ಸಂಕ್ರಾಂತಿ ಕಳೆದ ಮೇಲೆ ಪ್ರಿನ್ಸಿಪಾಲ್ ಬಹಳ ಮರ್ಯಾದೆಯಿಂದ, ಈ ವಯಸ್ಸಿನಲ್ಲಿ ನಿಮಗೆ ಅಷ್ಟು ದೂರದ ಓಡಾಟ ಸ್ಟ್ರೇನ್ ಆಗುತ್ತದೆ, ಇನ್ನು ಬರಬೇಡಿ ಎಂದರು. ನಾನು ಶಾಲೆಯ ಕಾಫಿ ಯಾವತ್ತೂ ಚೆನ್ನಾಗಿರಲಿಲ್ಲ ಎಂದು ಹೇಳಿ ಬಂದೆ. ಹುಡುಗಿ ಆ ವರ್ಷ ಅಲ್ಲೇ ಮುಗಿಸಿದಳು. ಬೇಸಿಗೆಗೆ ಟವರ್ ಕೆಲಸ ತೀರಿ ಅವರು ಊರಿನ ಇನ್ನೊಂದು ಮಗ್ಗುಲಿಗೆ ಹೋದರು. ಅಲ್ಲಿ ಸರಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಸೇರಿಸಿದ್ದಾರೆಂದು ತಾಯಿ ಒಮ್ಮೆ ಫೋನು ಮಾಡಿ, ಟೀಚರಿಗೆ ಏನೇನು ಹೇಳಬೇಕೆಂದು ಕೇಳಿಕೊಂಡಳು.

ಅವರು ಹೊರಡುವ ಮುಂಚೆ ಒಂದು ಭಾನುವಾರ ಶೆಡ್ಡಿಗೆ ಹೋಗಿದ್ದೆ. ನಾನು ಹುಡುಗಿಯನ್ನು ಕಂಡದ್ದು ಅದೇ ಕೊನೆ, ಕಂಡೆ ಅನ್ನಬಹುದಾದರೆ. ತಾಯಿ ಹೊರಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ನಾನಿನ್ನೂ ತಿರುವಿನಲ್ಲಿರುವಾಗಲೇ ಯಾರೋ ಒಳಗೆ ಓಡಿದ ಹಾಗಾಯಿತು. ತಗಡಿನ ಹಿಂದಿನಿಂದ ಏರಿಳಿತವಿಲ್ಲದ ಗಟ್ಟಿ ದನಿ, ಓಣಿಗೆಲ್ಲ ಕೇಳುವಂಥದ್ದು.

‘ಯವ್ವಾ, ಆ ಮುದುಕಿ ಬಂತು. ನಾ ಇಲ್ಲ ಅನ್ನು.’

ತಾಯಿ ನನ್ನನ್ನು ನೋಡಿದಳು. ಮುಖ ಒಗೆಯುವ ಕಲ್ಲಿನಂತಿತ್ತು. ‘ಆಕಿ ಮನ್ಯಾಗಿಲ್ರಿ, ಅಕ್ಕೋರ.’

‘ಹೌದೇನು? ಎಲ್ಲಿ ಹೋಗ್ಯಾಳ?’

ತಾಯಿ ತಗಡಿನ ಕಡೆ ತಿರುಗಿ ಕೂಗಿದಳು. ‘ಎಲ್ಲಿ ಹೋಗೀಯಂತ ಹೇಳ್ಲೇ?’

ಒಳಗೆ ಒಂದು ಪಾತ್ರೆ ಉರುಳಿತು. ಆಮೇಲೆ, ‘ಊರಿಗೆ!’

‘ಊರಿಗೆ ಹೋಗ್ಯಾಳಂತ್ರಿ.’

ತಗಡು ನೆಲ ಮುಟ್ಟುತ್ತಿರಲಿಲ್ಲ. ಕೆಳಗೆ ಧೂಳು ಮೆತ್ತಿದ ಎರಡು ಪಾದ ಕಾಣುತ್ತಿದ್ದವು. ‘ಬಂದ ಮ್ಯಾಲೆ ನಾ ಬಂದಿದ್ದೆ ಅಂತ ಹೇಳು,’ ಎಂದೆ, ಆ ಪಾದಗಳಿಗೂ ಕೇಳುವಷ್ಟು ಗಟ್ಟಿಯಾಗಿ. ಒಂದು ಪಾದ ಇನ್ನೊಂದರ ಮೇಲೆ ಹತ್ತಿ ನಿಂತಿತು. ಅವಳು ಊರಿನಿಂದ ಬರುವವರೆಗೆ ಕಾಯದೆ ನಾನು ಬಸ್ ಸ್ಟಾಪಿನ ಕಡೆ ನಡೆದೆ.